ಸ್ಥಗಿತಗೊಳಿಸಿದರೂ ಮತ್ತೆ ಚಾಲೂ ಆಗುವ ಗಣಕಯಂತ್ರ: ಕಾರಣ ಪತ್ತೆ ಮತ್ತು ಸದಸ್ಯರ ಹೊಣೆ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಕಚೇರಿಯ ಬಹುಪಾಲು ಕೆಲಸವು ಇಂದು ಗಣಕಯಂತ್ರದ ಮೂಲಕವೇ ನಡೆಯುತ್ತದೆ. ಪಂಚತಂತ್ರ ತಂತ್ರಾಂಶದಲ್ಲಿ ಲೆಕ್ಕಪತ್ರ, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು ನಮೂನೆ-11, ಇ-ಗ್ರಾಮ ಸ್ವರಾಜ್ ಮೂಲಕ ಪಾವತಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಇವೆಲ್ಲವೂ ಒಂದೆರಡು ಯಂತ್ರಗಳನ್ನು ಅವಲಂಬಿಸಿವೆ. ಸಂಜೆ 'ಶಟ್‌ಡೌನ್' ಆಯ್ಕೆಯನ್ನು ಒತ್ತಿ, ಪರದೆ ಕಪ್ಪಾದೊಡನೆ ಕಚೇರಿಗೆ ಬೀಗ ಹಾಕುವುದು ಎಲ್ಲೆಡೆಯ ರೂಢಿ. ಆದರೆ ಕೆಲವು ಯಂತ್ರಗಳು ಪರದೆ ಕಪ್ಪಾದ ಮೇಲೆ ಆರಿ ನಿಲ್ಲದೆ ತಾವಾಗಿಯೇ ಮತ್ತೆ ಚಾಲೂ ಆಗುತ್ತವೆ. ಬೀಗ ಹಾಕಿ ಹೊರಟವರಿಗೆ ಇದು ತಿಳಿಯುವುದೇ ಇಲ್ಲ.

ಈ ದೋಷವನ್ನು ಸರಿಪಡಿಸುವುದು ಸದಸ್ಯರ ಕೆಲಸವಲ್ಲ. ಆದರೆ ಅದರಿಂದಾಗುವ ನಷ್ಟ ಪಂಚಾಯಿತಿಯದು, ದುರಸ್ತಿಯ ಬಿಲ್ಲಿಗೆ ಒಪ್ಪಿಗೆ ನೀಡುವುದು ಸದಸ್ಯರ ಸಭೆ. ದೋಷದ ಬಗೆಯನ್ನು ಗುರುತಿಸದೆ ಮದರ್‌ಬೋರ್ಡ್ ಬದಲಾಯಿಸುವುದು, ದಾಖಲೆಗಳ ಪ್ರತಿ ತೆಗೆಯದೆ ಡಿಸ್ಕನ್ನು 'ಫಾರ್ಮ್ಯಾಟ್' ಮಾಡಿಸುವುದು, ಇವೆರಡೂ ತಪ್ಪಿಸಬಹುದಾದ ಹಾನಿಗಳು. ಬಿಲ್ಲು ಮುಂದೆ ಬಂದಾಗ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆಯನ್ನು ಸದಸ್ಯರಿಗೆ ಒದಗಿಸುವುದೇ ಈ ಪಾಠದ ಉದ್ದೇಶ.

ಯಂತ್ರ ರಾತ್ರಿಯಿಡೀ ಚಾಲೂ ಇದ್ದರೆ ಆಗುವ ಹಾನಿ

ಮೊದಲನೆಯದು ಭದ್ರತೆಯ ಪ್ರಶ್ನೆ. ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್‌ಗಳನ್ನು ಯಂತ್ರದಲ್ಲಿಯೇ ಸಿಕ್ಕಿಸಿ ಹೋಗುವ ಅಭ್ಯಾಸ ಹಲವೆಡೆ ಇದೆ. ಪ್ರವೇಶ ಗುಪ್ತಪದವಿಲ್ಲದ ಯಂತ್ರವು ಮರುಚಾಲನೆಯಾದರೆ ನೇರವಾಗಿ ಕೆಲಸದ ಪರದೆಗೆ ಬಂದು ನಿಲ್ಲುತ್ತದೆ. ಟೋಕನ್‌ಗೆ ಗುಪ್ತ ಸಂಖ್ಯೆಯ ಕಾವಲಿರುವುದು ನಿಜ. ಆದರೆ ಆ ಸಂಖ್ಯೆಯನ್ನು ಮೇಜಿನ ಗಾಜಿನ ಕೆಳಗೆ ಬರೆದಿಟ್ಟಿದ್ದರೆ ಆ ಕಾವಲು ಹೆಸರಿಗಷ್ಟೇ ಉಳಿಯುತ್ತದೆ.

ಎರಡನೆಯದು ಯುಪಿಎಸ್‌ನ ಆಯುಷ್ಯ. ಯಂತ್ರ ಆರಿದೆಯೆಂದು ನಂಬಿ ಹೊರಟ ಮೇಲೆ ರಾತ್ರಿ ವಿದ್ಯುತ್ ಕಡಿತವಾದರೆ, ಚಾಲೂ ಇರುವ ಯಂತ್ರವು ಯುಪಿಎಸ್ ಬ್ಯಾಟರಿಯನ್ನು ಪೂರ್ಣವಾಗಿ ಬರಿದು ಮಾಡುತ್ತದೆ. ಸಾಮಾನ್ಯ ಯುಪಿಎಸ್‌ಗಳಲ್ಲಿರುವ ಸೀಸ-ಆಮ್ಲದ ಬ್ಯಾಟರಿ ಪದೇ ಪದೇ ಹೀಗೆ ಬರಿದಾದರೆ ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಬ್ಯಾಟರಿ ಮುಗಿದ ಕ್ಷಣದಲ್ಲಿ ಯಂತ್ರವೂ ಥಟ್ಟನೆ ಆರುವುದರಿಂದ ಡಿಸ್ಕಿನ ಕಡತಗಳು ಕೆಡುವ ಸಂಭವವಿದೆ.

ಮೂರನೆಯದು ವಿದ್ಯುತ್ತಿನ ವೆಚ್ಚ. ಯಂತ್ರ ಮತ್ತು ಅದರ ಪರದೆ ಸುಮಾರು 60 ವ್ಯಾಟ್ ಬಳಸುತ್ತವೆಂದು ಭಾವಿಸಿದರೆ, ಸಂಜೆ 5.30ರಿಂದ ಮರುದಿನ ಬೆಳಿಗ್ಗೆ 10ರವರೆಗಿನ ಹದಿನಾರೂವರೆ ಗಂಟೆಗೆ ಒಂದು ಯೂನಿಟ್‌ನಷ್ಟು ವಿದ್ಯುತ್ ವ್ಯರ್ಥವಾಗುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಮೊದಲೆರಡು ಹಾನಿಗಳ ಜೊತೆಗೆ ಇದೂ ಸೇರುತ್ತದೆ.

ಸ್ಥಗಿತಗೊಳ್ಳುವಾಗ ಯಂತ್ರದೊಳಗೆ ನಡೆಯುವುದೇನು

'ಶಟ್‌ಡೌನ್' ಎಂಬುದು ಕೇವಲ ಸ್ವಿಚ್ ಆರಿಸುವ ಕ್ರಿಯೆಯಲ್ಲ. ಅದರಲ್ಲಿ ಮೂರು ಹಂತಗಳಿವೆ. ಮೊದಲು ತೆರೆದಿರುವ ತಂತ್ರಾಂಶಗಳನ್ನೆಲ್ಲ ಮುಚ್ಚಿ, ಬರೆಯಲು ಬಾಕಿಯಿರುವ ದತ್ತಾಂಶವನ್ನು ಡಿಸ್ಕಿಗೆ ಬರೆಯಲಾಗುತ್ತದೆ. ಅನಂತರ ಪ್ರಿಂಟರ್, ನೆಟ್‌ವರ್ಕ್, ಯುಎಸ್‌ಬಿ ಮುಂತಾದ ಸಾಧನಗಳನ್ನು ನಡೆಸುವ ಡ್ರೈವರ್‌ಗಳಿಗೆ ಕೆಲಸ ನಿಲ್ಲಿಸಲು ಸೂಚನೆ ಹೋಗುತ್ತದೆ. ಕೊನೆಗೆ ವಿದ್ಯುತ್ ಪೂರೈಕೆಯ ಘಟಕವಾದ ಎಸ್‌ಎಂಪಿಎಸ್‌ಗೆ ಮುಖ್ಯ ಪೂರೈಕೆ ನಿಲ್ಲಿಸುವ ಆಜ್ಞೆ ತಲುಪುತ್ತದೆ.

ಹೀಗೆ ಆರಿದ ಮೇಲೂ ಮದರ್‌ಬೋರ್ಡಿಗೆ ಅಲ್ಪ ಪ್ರಮಾಣದ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಮುಂಭಾಗದ ಗುಂಡಿಯನ್ನು ಒತ್ತಿದೊಡನೆ ಯಂತ್ರ ಏಳುವುದು ಈ ಅಲ್ಪ ವಿದ್ಯುತ್ತಿನಿಂದಲೇ. ಗುಂಡಿಯಂತೆ ನೆಟ್‌ವರ್ಕ್ ತಂತಿ, ಕೀಲಿಮಣೆ, ನಿಗದಿತ ಗಡಿಯಾರ ಇವೂ ಯಂತ್ರವನ್ನು ಎಬ್ಬಿಸಬಲ್ಲವು. ಮೇಲಿನ ಯಾವ ಹಂತದಲ್ಲಿ ತೊಡಕು ಉಂಟಾಯಿತು ಎಂಬುದನ್ನು ಕಂಡುಕೊಂಡರೆ ಅರ್ಧ ದುರಸ್ತಿ ಆದಂತೆಯೇ.

ಮೊದಲ ಪರೀಕ್ಷೆ: ಎರಡು ನಿಮಿಷ ಯಂತ್ರದ ಎದುರು ನಿಲ್ಲುವುದು

ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಯಾವುದೇ ದುರಸ್ತಿಗೆ ಕೈ ಹಾಕಬಾರದು. 'ಶಟ್‌ಡೌನ್' ಒತ್ತಿದ ಮೇಲೆ ಪರದೆಯನ್ನಷ್ಟೇ ನೋಡದೆ, ಯಂತ್ರದ ಮುಂಭಾಗದ ದೀಪವನ್ನೂ ಫ್ಯಾನಿನ ಸದ್ದನ್ನೂ ಗಮನಿಸಬೇಕು. ಕಂಡುಬರುವ ಲಕ್ಷಣಕ್ಕೆ ತಕ್ಕಂತೆ ದೋಷವು ಮೂರು ಬಗೆಗಳಲ್ಲಿ ಒಂದಕ್ಕೆ ಸೇರುತ್ತದೆ.

1. ದೀಪ ಆರಿ ಫ್ಯಾನ್ ನಿಲ್ಲುವ ಮೊದಲೇ, 'ಶಟ್ಟಿಂಗ್ ಡೌನ್' ಎಂಬ ಬರಹದ ನಡುವೆ ಯಂತ್ರ ಮತ್ತೆ ಆರಂಭವಾದರೆ, ಸ್ಥಗಿತಗೊಳ್ಳುವ ಹಾದಿಯಲ್ಲಿ ಅದು ಮುಗ್ಗರಿಸಿದೆ ಎಂದರ್ಥ. ಇದು ದೋಷದಿಂದಾದ ಮರುಚಾಲನೆ.

2. ದೀಪ ಆರಿ, ಫ್ಯಾನ್ ನಿಂತು, ಕೆಲವು ಸೆಕೆಂಡುಗಳ ಅಥವಾ ಗಂಟೆಗಳ ಬಳಿಕ ಯಂತ್ರ ಚಾಲೂ ಆದರೆ, ಸ್ಥಗಿತ ಸರಿಯಾಗಿಯೇ ಆಗಿದೆ. ಬೇರೇನೋ ಅದನ್ನು ಎಬ್ಬಿಸುತ್ತಿದೆ.

3. ಪ್ರತಿದಿನವಲ್ಲದೆ ಅಪ್‌ಡೇಟ್ ಬಂದ ದಿನ ಮಾತ್ರ, ಅಥವಾ ನಿಗದಿತ ವೇಳೆಗೆ ತಾನಾಗಿ ಸ್ಥಗಿತಗೊಳ್ಳುವಂತೆ ಹೊಂದಿಸಿದ ಯಂತ್ರದಲ್ಲಿ ಮಾತ್ರ ಹೀಗಾಗುತ್ತಿದ್ದರೆ, ಯಂತ್ರಕ್ಕೆ ತಲುಪಿದ ಆಜ್ಞೆಯೇ ಮರುಚಾಲನೆಯದಾಗಿರುವ ಸಂಭವ ಹೆಚ್ಚು.

ಮೊದಲ ಬಗೆ: ಮುಗ್ಗರಿಸಿ ಏಳುವ ಯಂತ್ರ

ವಿಂಡೋಸ್ ವ್ಯವಸ್ಥೆಯಲ್ಲಿ ಗಂಭೀರ ದೋಷ ಸಂಭವಿಸಿದರೆ ಯಂತ್ರವು ತಾನಾಗಿಯೇ ಮರುಚಾಲನೆಯಾಗಬೇಕೆಂಬ ಸೂಚನೆ ಮೊದಲಿನಿಂದಲೇ ಅಳವಟ್ಟಿರುತ್ತದೆ. ಸ್ಥಗಿತಗೊಳ್ಳುವ ವೇಳೆಯಲ್ಲಿ ಒಂದು ಡ್ರೈವರ್ ಕೆಟ್ಟು ನಿಂತರೂ ಈ ಸೂಚನೆ ಜಾರಿಯಾಗುತ್ತದೆ. ದೋಷವನ್ನು ತಿಳಿಸುವ ನೀಲಿ ಪರದೆ ಕ್ಷಣಮಾತ್ರ ಮಿಂಚಿ ಮಾಯವಾಗುವುದರಿಂದ, ನೋಡುವವರಿಗೆ ಅದು ಸಾಮಾನ್ಯ ಮರುಚಾಲನೆಯಂತೆ ತೋರುತ್ತದೆ.

ಆದ್ದರಿಂದ ಮೊದಲು ದೋಷ ಕಣ್ಣಿಗೆ ಕಾಣುವಂತೆ ಮಾಡಬೇಕು. ವಿಂಡೋಸ್ ಹುಡುಕಾಟದಲ್ಲಿ 'ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ತೆರೆದು, 'ಅಡ್ವಾನ್ಸ್ಡ್' ಪುಟದಲ್ಲಿರುವ 'ಸ್ಟಾರ್ಟಪ್ ಅಂಡ್ ರಿಕವರಿ' ವಿಭಾಗದ 'ಸೆಟ್ಟಿಂಗ್ಸ್' ಒತ್ತಬೇಕು. ಅಲ್ಲಿ 'ಸಿಸ್ಟಮ್ ಫೇಲ್ಯೂರ್' ಎಂಬುದರ ಕೆಳಗಿನ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎದುರಿನ ಗುರುತನ್ನು ತೆಗೆಯಬೇಕು. ಮುಂದಿನ ಬಾರಿ ಯಂತ್ರ ಮುಗ್ಗರಿಸಿದಾಗ ನೀಲಿ ಪರದೆ ಹಾಗೆಯೇ ನಿಲ್ಲುತ್ತದೆ. ಅದರಲ್ಲಿರುವ ದೋಷ ಸಂಕೇತವನ್ನೂ ಕಡತದ ಹೆಸರನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ತಂತ್ರಜ್ಞರಿಗೆ ಅದೇ ಮುಖ್ಯ ಸುಳಿವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಗುರುತನ್ನು ತೆಗೆದ ಮಾತ್ರಕ್ಕೆ ದೋಷ ನಿವಾರಣೆಯಾಗುವುದಿಲ್ಲ. ಮರುಚಾಲನೆ ನಿಂತಿತೆಂದು ಸಮಾಧಾನಪಟ್ಟರೆ, ಯಂತ್ರವು ರಾತ್ರಿಯಿಡೀ ನೀಲಿ ಪರದೆಯೊಡನೆ ಚಾಲೂ ಇರುತ್ತದೆ.

ಎರಡನೆಯ ಹೆಜ್ಜೆ 'ಫಾಸ್ಟ್ ಸ್ಟಾರ್ಟಪ್' ಪರೀಕ್ಷೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಈ ಸೌಲಭ್ಯವಿದೆ. ಇದು ಚಾಲೂ ಇದ್ದಾಗ 'ಶಟ್‌ಡೌನ್' ಒತ್ತಿದರೂ ವ್ಯವಸ್ಥೆ ಪೂರ್ಣವಾಗಿ ಮುಚ್ಚುವುದಿಲ್ಲ. ಅದರ ಒಳಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಬೇಗ ಆರಂಭಿಸಲಾಗುತ್ತದೆ. ಹಳೆಯ ಡ್ರೈವರ್‌ಗಳಿರುವ ಯಂತ್ರಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. 'ಶಿಫ್ಟ್' ಕೀಲಿಯನ್ನು ಒತ್ತಿ ಹಿಡಿದು 'ಶಟ್‌ಡೌನ್' ಆಯ್ದರೆ ಯಂತ್ರ ಪೂರ್ಣವಾಗಿ ಸ್ಥಗಿತಗೊಳ್ಳುತ್ತದೆ. ಹೀಗೆ ಮಾಡಿದಾಗ ಸರಿಯಾಗಿ ಆರಿ, ಸಾಮಾನ್ಯ ರೀತಿಯಲ್ಲಿ ಮಾಡಿದಾಗ ಮರುಚಾಲನೆಯಾದರೆ ಕಾರಣ ಸ್ಪಷ್ಟ. ಆಗ 'ಕಂಟ್ರೋಲ್ ಪ್ಯಾನೆಲ್', 'ಪವರ್ ಆಪ್ಷನ್ಸ್', 'ಚೂಸ್ ವಾಟ್ ದ ಪವರ್ ಬಟನ್ಸ್ ಡು' ಎಂಬ ಹಾದಿಯಲ್ಲಿ ಹೋಗಿ 'ಫಾಸ್ಟ್ ಸ್ಟಾರ್ಟಪ್' ಗುರುತನ್ನು ತೆಗೆದರೆ ಸಾಕು. ಬೆಳಿಗ್ಗೆ ಯಂತ್ರ ಏಳಲು ತುಸು ಹೆಚ್ಚು ಸಮಯ ಹಿಡಿಯುವುದೊಂದೇ ಇದರ ಬೆಲೆ.

ಮೂರನೆಯ ಹೆಜ್ಜೆ ಸಾಧನಗಳನ್ನು ಒಂದೊಂದಾಗಿ ಬಿಡಿಸುವುದು. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ, ವೆಬ್ ಕ್ಯಾಮೆರಾ, ಡಿಜಿಟಲ್ ಸಹಿಯ ಟೋಕನ್, ಇವನ್ನೆಲ್ಲ ತೆಗೆದು ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ಸ್ಥಗಿತಗೊಳಿಸಬೇಕು. ಆಗ ಯಂತ್ರ ಸರಿಯಾಗಿ ಆರಿದರೆ, ದಿನಕ್ಕೊಂದು ಸಾಧನವನ್ನು ಮರಳಿ ಸೇರಿಸುತ್ತ ಹೋದಂತೆ ತಪ್ಪಿತಸ್ಥ ಸಾಧನ ತಾನಾಗಿ ಗೊತ್ತಾಗುತ್ತದೆ. ಅದರ ತಯಾರಕರ ಅಧಿಕೃತ ತಾಣದಿಂದ ಹೊಸ ಡ್ರೈವರ್ ಅಳವಡಿಸುವುದು ಪರಿಹಾರ.

ಎರಡನೆಯ ಬಗೆ: ಆರಿದ ಮೇಲೆ ಎಬ್ಬಿಸಲ್ಪಡುವ ಯಂತ್ರ

ಈ ಬಗೆಯಲ್ಲಿ ವಿಂಡೋಸ್ ವ್ಯವಸ್ಥೆಗೆ ದೋಷವಿಲ್ಲ. ಆದ್ದರಿಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿದರೂ ಪ್ರಯೋಜನವಾಗದು. ಪರಿಶೀಲಿಸಬೇಕಾದವು ನಾಲ್ಕು.

ನೆಟ್‌ವರ್ಕ್ ತಂತಿ: ಸಂಜೆ ಇಂಟರ್ನೆಟ್ ತಂತಿಯನ್ನು ಬಿಡಿಸಿ ಸ್ಥಗಿತಗೊಳಿಸಿದಾಗ ಯಂತ್ರ ಏಳದಿದ್ದರೆ, 'ವೇಕ್ ಆನ್ ಲ್ಯಾನ್' ಸೌಲಭ್ಯವೇ ಕಾರಣ. 'ಡಿವೈಸ್ ಮ್ಯಾನೇಜರ್'ನಲ್ಲಿ ನೆಟ್‌ವರ್ಕ್ ಸಾಧನದ 'ಪವರ್ ಮ್ಯಾನೇಜ್‌ಮೆಂಟ್' ಪುಟಕ್ಕೆ ಹೋಗಿ, ಯಂತ್ರವನ್ನು ಎಬ್ಬಿಸಲು ಅದಕ್ಕೆ ನೀಡಿರುವ ಅನುಮತಿಯನ್ನು ತೆಗೆಯಬಹುದು. ಅಗತ್ಯವಿದ್ದರೆ ಬಯೋಸ್ ವ್ಯವಸ್ಥೆಯಲ್ಲಿಯೂ ಅದನ್ನು ನಿಲ್ಲಿಸಬೇಕು.

ವಿದ್ಯುತ್ ಮರಳಿದಾಗ ಏಳುವ ಏರ್ಪಾಡು: ಕಡಿತಗೊಂಡ ವಿದ್ಯುತ್ ಮರಳಿದಾಗ ಯಂತ್ರ ಏನು ಮಾಡಬೇಕೆಂಬ ಆಯ್ಕೆ ಬಯೋಸ್‌ನಲ್ಲಿದೆ. ಅದು 'ಪವರ್ ಆನ್' ಎಂದಿದ್ದರೆ, ಸಂಜೆ ಸರಿಯಾಗಿ ಸ್ಥಗಿತಗೊಳಿಸಿದ ಯಂತ್ರವೂ ನಡುರಾತ್ರಿ ವಿದ್ಯುತ್ ಬಂದೊಡನೆ ಎದ್ದು ಕೂರುತ್ತದೆ. ಬೆಳಿಗ್ಗೆ ಬಂದವರು ಯಂತ್ರ ಸ್ಥಗಿತಗೊಂಡೇ ಇರಲಿಲ್ಲವೆಂದು ಭಾವಿಸುತ್ತಾರೆ. ವಿದ್ಯುತ್ ಪದೇ ಪದೇ ಹೋಗಿಬರುವ ಊರುಗಳಲ್ಲಿ ಈ ಕಾರಣವನ್ನು ಮೊದಲೇ ಪರಿಶೀಲಿಸುವುದು ಲೇಸು. ಆಯ್ಕೆಯನ್ನು 'ಪವರ್ ಆಫ್' ಎಂದು ಬದಲಿಸಿದರೆ ಸಮಸ್ಯೆ ಮುಗಿಯುತ್ತದೆ.

ಮದರ್‌ಬೋರ್ಡಿನ ಸಣ್ಣ ಬ್ಯಾಟರಿ: ಬಯೋಸ್‌ನಲ್ಲಿ ಮಾಡಿದ ಬದಲಾವಣೆ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತಿದ್ದರೆ, ಯಂತ್ರದ ದಿನಾಂಕವೂ ಹಿಂದಕ್ಕೆ ಹೋಗುತ್ತಿದೆಯೇ ಎಂದು ನೋಡಬೇಕು. ಎರಡೂ ಒಟ್ಟಿಗೆ ಕಂಡುಬಂದರೆ ಸಿಆರ್ 2032 ಎಂಬ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿದೆ ಎಂದು ತಿಳಿಯಬಹುದು. ದಿನಾಂಕ ತಪ್ಪಿದ ಯಂತ್ರದಲ್ಲಿ ಸರ್ಕಾರಿ ಜಾಲತಾಣಗಳು ತೆರೆಯದಿರುವುದು, ಡಿಜಿಟಲ್ ಸಹಿ ತಿರಸ್ಕೃತವಾಗುವುದು ಇವೂ ಕಾಣಿಸಿಕೊಳ್ಳುತ್ತವೆ. ಗಡಿಯಾರದ ಅಂಗಡಿಯಲ್ಲಿಯೂ ದೊರೆಯುವ ಈ ಸಣ್ಣ ಬ್ಯಾಟರಿಯನ್ನು ಬದಲಿಸಿದರೆ ಎಲ್ಲ ತೊಂದರೆಗಳೂ ಒಮ್ಮೆಗೇ ತೀರಬಹುದು.

ಗುಂಡಿ ಮತ್ತು ವಿದ್ಯುತ್ ಘಟಕ: ಧೂಳು ತುಂಬಿ ಮುಂಭಾಗದ ಗುಂಡಿ ಒಳಗೇ ಸಿಕ್ಕಿಕೊಂಡಿದ್ದರೆ ಅಥವಾ ಎಸ್‌ಎಂಪಿಎಸ್ ದುರ್ಬಲವಾಗಿದ್ದರೆ ಯಂತ್ರ ಆರಿದ ಮರುಕ್ಷಣವೇ ಚಾಲೂ ಆಗಬಹುದು. ಬೇರೆ ಎಸ್‌ಎಂಪಿಎಸ್ ಜೋಡಿಸಿ ನೋಡಿದ ಬಳಿಕವೇ ಮದರ್‌ಬೋರ್ಡಿನ ಮಾತು ಎತ್ತಬೇಕು. ಯಂತ್ರದ ಹೊದಿಕೆ ತೆರೆಯುವ ಮುನ್ನ ವಿದ್ಯುತ್ ತಂತಿಯನ್ನು ಬಿಡಿಸಬೇಕು. ಎಸ್‌ಎಂಪಿಎಸ್ ಘಟಕದ ಒಳಭಾಗವನ್ನು ತಂತ್ರಜ್ಞರಲ್ಲದವರು ತೆರೆಯಲೇಬಾರದು.

ಮೂರನೆಯ ಬಗೆ: ಆಜ್ಞೆಯೇ ಮರುಚಾಲನೆಯದು

ಅಪ್‌ಡೇಟ್ ಕಾದಿರುವಾಗ ಪರದೆಯಲ್ಲಿ 'ಅಪ್‌ಡೇಟ್ ಅಂಡ್ ಶಟ್‌ಡೌನ್' ಹಾಗೂ 'ಅಪ್‌ಡೇಟ್ ಅಂಡ್ ರೀಸ್ಟಾರ್ಟ್' ಎಂಬ ಎರಡು ಆಯ್ಕೆಗಳು ಒಂದರ ಪಕ್ಕ ಒಂದು ಬರುತ್ತವೆ. ಅವಸರದಲ್ಲಿ ಎರಡನೆಯದನ್ನು ಒತ್ತುವುದು ಸಹಜ. ಮೊದಲನೆಯದನ್ನು ಒತ್ತಿದರೂ ಅಪ್‌ಡೇಟ್ ಅಳವಡಿಕೆಗಾಗಿ ನಡುವೆ ಮರುಚಾಲನೆಯಾಗಿ, ಅನಂತರ ಯಂತ್ರ ಆರಬಹುದು. ಇದು ದೋಷವಲ್ಲ. ಆದರೆ ಹಾಗೆ ಮರುಚಾಲನೆಯಾದ ಮೇಲೆ ಆರದೆ ಉಳಿಯುವ ದೋಷ ವಿಂಡೋಸ್ 11ರಲ್ಲಿ ಇದ್ದು, 2025ರ ಕೊನೆಯ ತಿಂಗಳುಗಳ ಅಪ್‌ಡೇಟ್‌ಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಅಪ್‌ಡೇಟ್‌ಗಳನ್ನು ಬಹುಕಾಲ ತಡೆಹಿಡಿದ ಯಂತ್ರಗಳಲ್ಲಿ ಅದು ಇನ್ನೂ ಉಳಿದಿರಬಹುದು. ಅಪ್‌ಡೇಟ್ ದಿನದಂದು ಯಂತ್ರ ಪೂರ್ಣ ಆರುವವರೆಗೆ ಒಬ್ಬರು ಕಚೇರಿಯಲ್ಲಿರುವುದೇ ಸರಳ ಪರಿಹಾರ.

ಕೆಲವು ಕಚೇರಿಗಳಲ್ಲಿ ಸಂಜೆ ನಿಗದಿತ ವೇಳೆಗೆ ಯಂತ್ರ ತಾನಾಗಿ ಸ್ಥಗಿತಗೊಳ್ಳುವಂತೆ 'ಟಾಸ್ಕ್ ಶೆಡ್ಯೂಲರ್'ನಲ್ಲಿ ಹೊಂದಿಸಿರುತ್ತಾರೆ. ಅಲ್ಲಿ ಶಟ್‌ಡೌನ್ ಆಜ್ಞೆಯ ಮುಂದೆ ಓರೆಗೆರೆಯೊಡನೆ 'ಎಸ್' ಅಕ್ಷರವಿದ್ದರೆ ಯಂತ್ರ ಆರುತ್ತದೆ, 'ಆರ್' ಅಕ್ಷರವಿದ್ದರೆ ಮರುಚಾಲನೆಯಾಗುತ್ತದೆ. ಒಂದಕ್ಷರದ ಈ ವ್ಯತ್ಯಾಸವನ್ನು ತಿದ್ದುವುದಕ್ಕೆ ಬಿಡಿಭಾಗವೇನೂ ಬೇಕಿಲ್ಲ.

ಯಂತ್ರವೇ ಬರೆದಿಡುವ ದಿನಚರಿ

ಮೇಲಿನ ಮೂರು ಬಗೆಗಳಲ್ಲಿ ಯಾವುದೆಂದು ಖಚಿತಪಡಿಸಿಕೊಳ್ಳಲು ಯಂತ್ರದಲ್ಲಿಯೇ ಒಂದು ದಿನಚರಿಯಿದೆ. 'ಇವೆಂಟ್ ವ್ಯೂವರ್' ತೆರೆದು, 'ವಿಂಡೋಸ್ ಲಾಗ್ಸ್' ಅಡಿಯ 'ಸಿಸ್ಟಮ್' ಪಟ್ಟಿಯಲ್ಲಿ ಹಿಂದಿನ ಸಂಜೆಯ ವೇಳೆಯನ್ನು ನೋಡಬೇಕು. ನಾಲ್ಕು ಸಂಖ್ಯೆಗಳನ್ನು ನೆನಪಿಟ್ಟರೆ ಸಾಕು.

1074: ಯಾರು ಅಥವಾ ಯಾವ ತಂತ್ರಾಂಶ ಆಜ್ಞೆ ನೀಡಿತು, ಅದು ಸ್ಥಗಿತದ ಆಜ್ಞೆಯೋ ಮರುಚಾಲನೆಯ ಆಜ್ಞೆಯೋ ಎಂಬುದನ್ನು ಇದು ತಿಳಿಸುತ್ತದೆ. ಮೂರನೆಯ ಬಗೆಗೆ ಇದೇ ಸಾಕ್ಷಿ.

1001: 'ಬಗ್‌ಚೆಕ್' ಹೆಸರಿನಲ್ಲಿ ಈ ಸಂಖ್ಯೆ ಇದ್ದರೆ ನೀಲಿ ಪರದೆಯ ದೋಷ ಸಂಭವಿಸಿದೆ. ಇದು ಮೊದಲ ಬಗೆ.

41: 'ಕರ್ನಲ್-ಪವರ್' ಹೆಸರಿನಲ್ಲಿ ಬರುವ ಇದು, ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ಮರುಚಾಲನೆಯಾಯಿತು ಎನ್ನುತ್ತದೆ. ವಿದ್ಯುತ್ ಕಡಿತವಾದರೂ, ಗುಂಡಿಯನ್ನು ಒತ್ತಿ ಹಿಡಿದು ಆರಿಸಿದರೂ ಇದೇ ಸಂಖ್ಯೆ ಬರುವುದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಬಾರದು.

6008: ಹಿಂದಿನ ಸ್ಥಗಿತ ಅನಿರೀಕ್ಷಿತವಾಗಿತ್ತು ಎಂಬುದನ್ನು ದಿನಾಂಕ ಮತ್ತು ವೇಳೆಯೊಡನೆ ತಿಳಿಸುತ್ತದೆ.

ಮಾದರಿಗಾಗಿ ಒಂದು ಕಲ್ಪಿತ ಪ್ರಕರಣವನ್ನು ಗಮನಿಸಬಹುದು. ಒಂದು ಕಚೇರಿಯ ಯಂತ್ರ ಬೆಳಿಗ್ಗೆ ಚಾಲೂ ಸ್ಥಿತಿಯಲ್ಲಿ ಸಿಗುತ್ತದೆ. ದಿನಚರಿಯಲ್ಲಿ ಹಿಂದಿನ ಸಂಜೆ 5.32ಕ್ಕೆ 1074 ಸಂಖ್ಯೆಯೂ ಸ್ಥಗಿತದ ಆಜ್ಞೆಯೂ ದಾಖಲಾಗಿವೆ. 41 ಇಲ್ಲ, 1001 ಇಲ್ಲ. ರಾತ್ರಿ 2.10ಕ್ಕೆ ಯಂತ್ರ ಆರಂಭವಾದ ನಮೂದುಗಳು ಕಾಣುತ್ತವೆ. ಅಂದರೆ ಸ್ಥಗಿತ ಸರಿಯಾಗಿ ಆಗಿದೆ, ನಡುರಾತ್ರಿ ಏನೋ ಎಬ್ಬಿಸಿದೆ. ಅದೇ ವೇಳೆಗೆ ಊರಿನಲ್ಲಿ ವಿದ್ಯುತ್ ಮರಳಿತ್ತೆಂದು ನೀರುಗಂಟಿಯವರಿಂದ ತಿಳಿದುಬಂದರೆ ಬಯೋಸ್ ಆಯ್ಕೆಯನ್ನು ನೋಡಬೇಕು. ಈ ಯಂತ್ರಕ್ಕೆ ಹೊಸ ಮದರ್‌ಬೋರ್ಡ್ ಬೇಕೆಂಬ ದರಪಟ್ಟಿ ಸಭೆಗೆ ಬಂದರೆ ಅದನ್ನು ಒಪ್ಪುವಂತಿಲ್ಲ.

ದಾಖಲೆಗಳ ರಕ್ಷಣೆ

ಯಂತ್ರ ಆರುತ್ತಿಲ್ಲವೆಂದು ಪ್ರತಿದಿನ ಗುಂಡಿಯನ್ನು ಒತ್ತಿ ಹಿಡಿಯುವುದು, ಗೋಡೆಯ ಸ್ವಿಚ್ಚನ್ನು ಆರಿಸಿ ಹೊರಡುವುದು ಅತ್ಯಂತ ಹಾನಿಕರ. ಡಿಸ್ಕಿಗೆ ಬರೆಯುತ್ತಿರುವಾಗ ವಿದ್ಯುತ್ ನಿಂತರೆ ಆ ಕಡತವಷ್ಟೇ ಅಲ್ಲ, ಇಡೀ ವ್ಯವಸ್ಥೆಯೇ ಕೆಡಬಹುದು.

ಪಂಚತಂತ್ರ, ಇ-ಸ್ವತ್ತು ಮುಂತಾದವುಗಳಲ್ಲಿ ನಮೂದಿಸಿದ ಮಾಹಿತಿ ದೂರದ ಸರ್ವರ್‌ನಲ್ಲಿರುವುದರಿಂದ ಕಚೇರಿಯ ಯಂತ್ರ ಕೆಟ್ಟರೂ ಅದು ಅಳಿಯದು. ಆದರೆ ಸಭಾ ನಡವಳಿಯ ಕರಡು, ಗ್ರಾಮ ಸಭೆಯ ಛಾಯಾಚಿತ್ರ, ಕಾಮಗಾರಿ ಸ್ಥಳದ ಚಿತ್ರ, ಸ್ಕ್ಯಾನ್ ಮಾಡಿದ ಹಳೆಯ ಕಡತ, ಪತ್ರವ್ಯವಹಾರ ಇವೆಲ್ಲ ಸಾಮಾನ್ಯವಾಗಿ ಆ ಯಂತ್ರದಲ್ಲಿ ಮಾತ್ರ ಇರುತ್ತವೆ. ಫಾರ್ಮ್ಯಾಟ್ ಮಾಡಿಸುವ ಮುನ್ನ ಇವುಗಳ ಪ್ರತಿಯನ್ನು ಬಾಹ್ಯ ಡಿಸ್ಕಿಗೆ ತೆಗೆದು, ಆ ಪ್ರತಿ ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು.

ದುರಸ್ತಿ ಬಿಲ್ಲು ಸಭೆಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು

1. ದೀಪ ಮತ್ತು ಫ್ಯಾನ್ ಆರಿದ ಮೇಲೆ ಯಂತ್ರ ಎದ್ದಿತೇ, ಆರುವ ಮೊದಲೇ ಎದ್ದಿತೇ? ಇದನ್ನು ಯಾರು, ಯಾವ ದಿನ ನೋಡಿದರು?
2. ಇವೆಂಟ್ ವ್ಯೂವರ್‌ನಲ್ಲಿ ಯಾವ ಸಂಖ್ಯೆ ದಾಖಲಾಗಿದೆ? ಅದರ ಮುದ್ರಿತ ಪ್ರತಿ ಕಡತದಲ್ಲಿದೆಯೇ?
3. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಲಾಗಿದೆಯೇ?
4. ಯಂತ್ರ ಖಾತರಿ ಅವಧಿಯಲ್ಲಿದೆಯೇ? ದಾಸ್ತಾನು ವಹಿಯಲ್ಲಿರುವ ಖರೀದಿ ದಿನಾಂಕ ಯಾವುದು?
5. ಬದಲಿಸಿದ ಹಳೆಯ ಬಿಡಿಭಾಗ ಕಚೇರಿಗೆ ಮರಳಿದೆಯೇ? ಹಳೆಯ ಡಿಸ್ಕ್ ಹೊರಗಿನವರ ಕೈಗೆ ಹೋಗಿಲ್ಲವಷ್ಟೇ?
6. ಫಾರ್ಮ್ಯಾಟ್ ಮಾಡಿಸಿದ್ದರೆ ದಾಖಲೆಗಳ ಪ್ರತಿ ಎಲ್ಲಿದೆ?

ಈ ಪ್ರಶ್ನೆಗಳು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಅಥವಾ ಡಾಟಾ ಎಂಟ್ರಿ ಆಪರೇಟರ್ ಅವರ ಮೇಲಿನ ಅಪನಂಬಿಕೆಯಲ್ಲ. ಉತ್ತರಗಳು ಕಡತದಲ್ಲಿದ್ದರೆ ಲೆಕ್ಕಪರಿಶೋಧನೆಯ ವೇಳೆ ಅವರಿಗೇ ರಕ್ಷಣೆ.

ಪ್ರತಿದಿನದ ಪದ್ಧತಿ

ಸಂಜೆ ಸ್ಥಗಿತಗೊಳಿಸುವವರು ಡಿಜಿಟಲ್ ಸಹಿಯ ಟೋಕನ್‌ಗಳನ್ನು ತೆಗೆದು ಸಂಬಂಧಿಸಿದವರಿಗೆ ಒಪ್ಪಿಸತಕ್ಕದ್ದು. ದೀಪ ಆರಿ ಫ್ಯಾನ್ ನಿಂತ ಬಳಿಕ ಎರಡು ನಿಮಿಷ ಕಾದು, ಅನಂತರ ಯುಪಿಎಸ್ ಹಾಗೂ ಗೋಡೆಯ ಸ್ವಿಚ್ ಆರಿಸತಕ್ಕದ್ದು. ಯಂತ್ರ ಮತ್ತೆ ಎದ್ದರೆ ಆ ದಿನಾಂಕ, ವೇಳೆ ಮತ್ತು ಕಂಡ ಲಕ್ಷಣವನ್ನು ದುರಸ್ತಿ ವಹಿಯ ಷರಾ ಅಂಕಣದಲ್ಲಿ ಬರೆಯತಕ್ಕದ್ದು. ಒಂದು ವಾರದ ಇಂತಹ ನಮೂದುಗಳು ತಂತ್ರಜ್ಞರ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತವೆ.

ಅಭ್ಯಾಸ

1. ಯಂತ್ರವು ಪ್ರಿಂಟರ್ ಜೋಡಿಸಿದ ದಿನಗಳಲ್ಲಿ ಮಾತ್ರ, ದೀಪ ಆರುವ ಮೊದಲೇ ಮರುಚಾಲನೆಯಾಗುತ್ತದೆ. ಇದು ಯಾವ ಬಗೆ? ಮೊದಲ ಹೆಜ್ಜೆ ಯಾವುದು?
2. ಬಯೋಸ್ ಆಯ್ಕೆಯನ್ನು ಎರಡು ಬಾರಿ ಸರಿಪಡಿಸಿದರೂ ಅದು ಹಿಂದಿನಂತಾಗುತ್ತದೆ, ಡಿಜಿಟಲ್ ಸಹಿಯೂ ತಿರಸ್ಕೃತವಾಗುತ್ತಿದೆ. ಯಾವ ಬಿಡಿಭಾಗವನ್ನು ಸಂಶಯಿಸಬೇಕು?
3. ಸದಸ್ಯರು ತಮ್ಮ ಪಂಚಾಯಿತಿಯ ಯಂತ್ರದಲ್ಲಿ ಮಾತ್ರ ಇರುವ, ಬೇರೆಲ್ಲಿಯೂ ಪ್ರತಿ ಇಲ್ಲದ ದಾಖಲೆಗಳ ಪಟ್ಟಿಯನ್ನು ಸಿಬ್ಬಂದಿಯವರೊಡನೆ ಕುಳಿತು ಸಿದ್ಧಪಡಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು.